ಡಕೋಟಾಕ್ಕೆ ತಗಡಿನ ಮೈ ಬರಿಸಿದ ಐದು ತಿಂಗಳು

ಮೊನ್ನೆ ರಾತ್ರಿ ಆಂಟೆನಾದ ಕೊನೆಯ ತಂತಿ ಅಂಟಿಸಿ ಚಿಮಟ ಕೆಳಗಿಟ್ಟೆ. ನನ್ನ ಪ್ಲಾಸ್ಟಿಕ್ ಮಾಡೆಲ್ ವಿಮಾನ, ಸಿ-47, ಮುಗಿಯಿತು. ಕಿಟ್‌ನ ಪೆಟ್ಟಿಗೆ ಬಿಚ್ಚಿದ ದಿನದಿಂದ ಲೆಕ್ಕ ಹಾಕಿದರೆ ಐದು ತಿಂಗಳು ಹನ್ನೊಂದು ದಿನ. ಅದರಲ್ಲಿ ಕೈಯಾಡಿಸಿದ ದಿನಗಳಿಗಿಂತ "ಒಣಗಲಿ" ಅಂತ ಸುಮ್ನೆ ಕಾದ ದಿನಗಳೇ ಜಾಸ್ತಿ.

ಮಾಡೆಲ್ ಕಟ್ಟುವುದು ನನಗೆ ಹೊಸದಲ್ಲ. ಇದಕ್ಕೂ ಮುಂಚೆ ಹತ್ತು ಹನ್ನೆರಡು ವಿಮಾನ ಮುಗಿಸಿದ್ದೆ. ಎಲ್ಲವೂ ಹಸಿರು, ಕಂದು, ಬೂದು ಬಣ್ಣದವು. ಬಣ್ಣ ಬಳಿಯದೆ ತಗಡನ್ನೇ ಬಿಟ್ಟ ವಿಮಾನ, ಅಂದರೆ ಬೇರ್ ಮೆಟಲ್ ಫಿನಿಶ್, ಇದೇ ಮೊದಲು. ಹಳೆಯ ಅನುಭವ ಇಲ್ಲಿ ಅರ್ಧದಷ್ಟೂ ಕೆಲಸಕ್ಕೆ ಬರಲಿಲ್ಲ. ಯಾವ ಹಂತದಲ್ಲಿ ಎಡವಿದೆ, ಎಲ್ಲಿ ಎಷ್ಟು ಕಾಯಬೇಕಾಯಿತು ಅಂತ ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಮುಂದೆ ಇದೇ ಕೆಲಸಕ್ಕೆ ಕೈ ಹಾಕುವವರಿಗೆ ಒಂದಿಷ್ಟು ವಾರವಾದರೂ ಉಳಿಯಲಿ.

ಸಿ-47 ಅಂದರೆ ಡಗ್ಲಸ್ ಡಿಸಿ-3ರ ಯುದ್ಧಕಾಲದ ರೂಪ. ಡಿಸಿ-3 ಮೊದಲು ಹಾರಿದ್ದು 1935ರ ಡಿಸೆಂಬರ್ 17ರಂದು. ಅದಕ್ಕೆ ಗಟ್ಟಿ ನೆಲ, ಎಡಬದಿಗೆ ದೊಡ್ಡ ಸರಕಿನ ಬಾಗಿಲು ಕೊಟ್ಟು ಸೈನ್ಯದ ವಿಮಾನ ಮಾಡಿದರು. ಬ್ರಿಟಿಷರು ಇದನ್ನು ಡಕೋಟಾ ಅಂತ ಕರೆದರು, ಆ ಹೆಸರೇ ನಮ್ಮ ಬಾಯಲ್ಲೂ ಉಳಿಯಿತು. ಹತ್ತು ಸಾವಿರಕ್ಕೂ ಮಿಕ್ಕಿ ಸಿ-47ಗಳು ತಯಾರಾದವು. ನಾನು ಆರಿಸಿಕೊಂಡದ್ದು ಸಿ-47ಬಿ. ಅಸ್ಸಾಮಿನಿಂದ ಹಿಮಾಲಯದ ಪೂರ್ವದ ತುದಿ ದಾಟಿ ಚೀನಾದ ಕುನ್ಮಿಂಗ್‌ಗೆ ಸರಕು ಸಾಗಿಸುತ್ತಿದ್ದ ದಾರಿ ಇತ್ತಲ್ಲ, 'ಹಂಪ್' ಅಂತ ಪೈಲಟ್‌ಗಳು ಕರೆಯುತ್ತಿದ್ದದ್ದು, ಅಂಥ ಎತ್ತರಕ್ಕೆಂದೇ ತೆಳು ಗಾಳಿಯನ್ನು ಒತ್ತಿ ತುಂಬುವ ಎರಡು ವೇಗದ ಸೂಪರ್‌ಚಾರ್ಜರ್ ಇರುವ ಎಂಜಿನ್ ಕೂರಿಸಿದ ಮಾದರಿ ಇದು. ಮೋಡದ ನಡುವೆ, ಹಿಮದ ಬೆಟ್ಟಗಳ ಮೇಲೆ, ಇಂಧನದ ಪೀಪಾಯಿ ತುಂಬಿಕೊಂಡು ಹೋಗಿ ಬರುತ್ತಿದ್ದ ವಿಮಾನ. ಅದರ ಬಗ್ಗೆ ನನಗೆ ಮೊದಲಿನಿಂದಲೂ ತುಂಬಾ ಗೌರವ.

ಇದು 1/72 ಅಳತೆಯ ಕಿಟ್. ನಿಜವಾದ ವಿಮಾನದ ರೆಕ್ಕೆಯ ಅಗಲ 29 ಮೀಟರ್ ಚಿಲ್ಲರೆ. ಮಾಡೆಲ್‌ನಲ್ಲಿ ಅದು 40 ಸೆಂಟಿಮೀಟರ್ ಆಗುತ್ತೆ, ಉದ್ದ 27. ಮೇಜಿನ ಮೇಲೆ ಎಷ್ಟು ಜಾಗ ಬೇಕು ಅಂತ ಮೊದಲೇ ನೋಡಿಕೊಳ್ಳಿ. ಬಣ್ಣ ಹೊಡೆದ ಮೇಲೆ ಎಲ್ಲೂ ತಾಗಿಸದೆ ಒಣಗಲು ಬಿಡುವ ಜಾಗವೂ ಅಷ್ಟೇ ದೊಡ್ಡದಿರಬೇಕು.

ಮೊದಲ ಎರಡು ವಾರ ಒಂದು ತುಂಡೂ ಅಂಟಿಸಲಿಲ್ಲ. ಫೋಟೋ, ನಕ್ಷೆ, ಹಳೆಯ ರಿಪೇರಿ ಕೈಪಿಡಿಯ ಪುಟಗಳನ್ನು ಒಟ್ಟು ಮಾಡುವುದೇ ಕೆಲಸವಾಯಿತು. ಇಲ್ಲೇ ನನಗೆ ಮೊದಲ ಪಾಠ ಸಿಕ್ಕಿದ್ದು. ಇವತ್ತು ಏರ್ ಶೋಗಳಲ್ಲಿ ಹಾರುವ ಎಷ್ಟೋ ಡಕೋಟಾಗಳು ಕನ್ನಡಿಯ ಹಾಗೆ ಮಿಂಚುತ್ತವೆ. ಅದು ಅವುಗಳನ್ನು ನೋಡಿಕೊಳ್ಳುವವರು ಗಂಟೆಗಟ್ಟಲೆ ತಿಕ್ಕಿ ತರಿಸಿದ ಹೊಳಪು. 1944ರಲ್ಲಿ ಮಳೆ, ಬಿಸಿಲು, ಧೂಳಿನಲ್ಲಿ ನಿಂತ ವಿಮಾನವನ್ನು ಯಾರೂ ಹಾಗೆ ತಿಕ್ಕುತ್ತಿರಲಿಲ್ಲ. ಆ ಕಾಲದ ಫೋಟೋಗಳಲ್ಲಿ ಮೈ ಮಬ್ಬು ಬೆಳ್ಳಿ. ಒಂದು ತಗಡು ತುಸು ಕಪ್ಪು, ಪಕ್ಕದ್ದು ತುಸು ಬಿಳಿ. ಇದಕ್ಕೂ ಕಾರಣ ಇದೆ. ಮೈಗೆ ಹೊದಿಸಿದ ತಗಡಿನ ಹೆಸರು ಆಲ್‌ಕ್ಲಾಡ್. ಒಳಗೆ ಗಟ್ಟಿ ಮಿಶ್ರಲೋಹ, ಎರಡೂ ಬದಿಗೆ ಶುದ್ಧ ಅಲ್ಯೂಮಿನಿಯಂನ ತೆಳು ಪದರ. ಕಾರ್ಖಾನೆಯಲ್ಲಿ ತಗಡನ್ನು ಯಾವ ದಿಕ್ಕಿಗೆ ಉರುಳಿಸಿ ತೆಗೆದಿದ್ದಾರೋ ಆ ದಿಕ್ಕಿಗೆ ಸಣ್ಣ ಗೆರೆಗಳಿರುತ್ತವೆ. ಪಕ್ಕಪಕ್ಕದ ಎರಡು ತಗಡಿನ ಗೆರೆಗಳು ಬೇರೆ ದಿಕ್ಕಿಗಿದ್ದರೆ ಬೆಳಕು ಎರಡರಿಂದ ಎರಡು ರೀತಿ ಹೊರಳುತ್ತೆ. ಇದು ಗೊತ್ತಾದ ಮೇಲೆ 'ಬೆಳ್ಳಿ ಬಣ್ಣ' ಅನ್ನುವ ಒಂದೇ ಬಣ್ಣ ನನ್ನ ತಲೆಯಿಂದ ಹೋಯಿತು.

ಇನ್ನೊಂದು ವಿಷಯ ತುಂಬಾ ಜನ ಮರೆಯುತ್ತಾರೆ, ನಾನೂ ಮರೆಯುವವನಿದ್ದೆ. ಸಿ-47ರ ಮೈಯೆಲ್ಲ ಲೋಹವಲ್ಲ. ಬಾಲದ ರಡರ್, ಎಲಿವೇಟರ್‌ಗಳು, ರೆಕ್ಕೆಯ ಏಲೆರಾನ್‌ಗಳು, ಅಂದರೆ ವಿಮಾನವನ್ನು ತಿರುಗಿಸಲು, ಏರಿಸಿ ಇಳಿಸಲು, ಓರೆ ಮಾಡಲು ಅಲುಗಾಡುವ ಭಾಗಗಳು, ಇವಕ್ಕೆ ಹೊದಿಸಿದ್ದು ಬಟ್ಟೆ. ಆ ಬಟ್ಟೆಯ ಮೇಲೆ ಅಲ್ಯೂಮಿನಿಯಂ ಪುಡಿ ಬೆರೆಸಿದ ಡೋಪ್, ಅಂದರೆ ಬಟ್ಟೆಯನ್ನು ಬಿಗಿಯಾಗಿಸುವ ಲೇಪ, ಬಳಿಯುತ್ತಿದ್ದರು. ಅದಕ್ಕೆ ಲೋಹದ ಹೊಳಪಿಲ್ಲ, ಬೂದಿ ಬಣ್ಣದ ಕಡೆಗೆ ವಾಲಿದ ಬೆಳ್ಳಿ ಅಷ್ಟೇ. ರೆಕ್ಕೆಯ ಹಿಂಬದಿಯಲ್ಲಿ ಕೆಳಗಿಳಿಯುವ ಫ್ಲಾಪ್‌ಗಳು ಮಾತ್ರ ಲೋಹದವು. ಇಡೀ ವಿಮಾನಕ್ಕೆ ಒಂದೇ ಡಬ್ಬಿ ಹೊಡೆದರೆ ಈ ವ್ಯತ್ಯಾಸ ಅಳಿಸಿಹೋಗುತ್ತೆ.

ಒಳಗಿನ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಕಾಕ್‌ಪಿಟ್‌ಗೆ ಕಡು ಹಸಿರು, ಸರಕಿನ ಭಾಗಕ್ಕೆ ತುಕ್ಕು ತಡೆಯುವ ಜಿಂಕ್ ಕ್ರೋಮೇಟ್‌ನ ಹಳದಿ ಹಸಿರು, ಗೋಡೆಗೆ ಒತ್ತಿಕೊಂಡು ಮಡಚುವ ಬೆಂಚುಗಳು. 28 ಸೈನಿಕರು ಎದುರುಬದುರು ಕೂರುತ್ತಿದ್ದ ಜಾಗ ಅದು. ಹತ್ತು ದಿನ ಅದರ ಮೇಲೆ ಕೂತೆ. ಒಡಲು ಮುಚ್ಚಿದ ಮೇಲೆ ಬಾಗಿಲಿನಿಂದ ಕಾಣುವುದು ಮೂರು ಬೆಂಚು. ನಿಮ್ಮ ಬಾಗಿಲು ಮುಚ್ಚಿಯೇ ಇರುವುದಾದರೆ ಈ ಹತ್ತು ದಿನವನ್ನು ಹೊರಮೈಗೆ ಕೊಡಿ. ಒಂದು ಸಮಾಧಾನ ಏನೆಂದರೆ ಡಕೋಟಾ ಬಾಲದ ಚಕ್ರದ ಮೇಲೆ ಕೂರುವ ವಿಮಾನ. ಹಿಂದಕ್ಕೆ ವಾಲದಿರಲಿ ಅಂತ ಮೂತಿಗೆ ತೂಕ ತುಂಬುವ ಗೋಜಿಲ್ಲ.

ಒಡಲಿನ ಎರಡು ಭಾಗ ಅಂಟಿಸಿದ ಮರುದಿನವೇ ಮೊದಲ ಅಡ್ಡಿ ಬಂತು. ಈ ಕಿಟ್‌ನಲ್ಲಿ ಕಿಟಕಿಯ ಗಾಜುಗಳನ್ನು ಒಳಗಿನಿಂದ ಕೂರಿಸಬೇಕು. ಒಂದೊಂದೂ ಬೆರಳ ಉಗುರಿಗಿಂತ ಚಿಕ್ಕದು. ಬಲಬದಿಯ ಒಂದು ಗಾಜಿಗೆ ಟೇಪ್ ಅಂಟಿಸಿ ಮೆಲ್ಲಗೆ ಒತ್ತಿದೆ. ಟಕ್ ಅಂತ ಒಳಗೆ ಬಿತ್ತು. ವಿಮಾನ ಅಲುಗಿಸಿದರೆ ಒಳಗೆ ಸದ್ದು. ಆಗಿನ ನನ್ನ ಹೊಟ್ಟೆಯ ಸಂಕಟ ಹೇಳತೀರದು. ಮುಚ್ಚಿದ ಒಡಲನ್ನು ಮತ್ತೆ ಒಡೆಯಬೇಕಾ ಅಂತ ಅರ್ಧ ಗಂಟೆ ಸುಮ್ನೆ ಕೂತೆ. ಪುಣ್ಯಕ್ಕೆ ಸರಕಿನ ಬಾಗಿಲು ಇನ್ನೂ ಅಂಟಿಸಿರಲಿಲ್ಲ. ವಿಮಾನವನ್ನು ಓರೆ ಮಾಡಿ ತಟ್ಟುತ್ತಾ ತಟ್ಟುತ್ತಾ ಗಾಜನ್ನು ಬಾಗಿಲ ಹತ್ತಿರ ತಂದೆ. ಕಡ್ಡಿಯ ತುದಿಗೆ ಮೇಣ ಹಚ್ಚಿ ಎತ್ತಿಕೊಂಡೆ. ಆದರೆ ಮತ್ತೆ ಒಳಗಿನಿಂದ ಕೂರಿಸಲು ಅಷ್ಟು ದೂರ ಕೈ ಹೋಗುವುದಿಲ್ಲ. ಕೊನೆಗೆ ಆ ಕಿಟಕಿಯನ್ನು ಹಾಗೇ ಬಿಟ್ಟು, ಬಣ್ಣವೆಲ್ಲ ಮುಗಿದ ಮೇಲೆ, ಒಣಗಿದರೆ ಗಾಜಿನಂತಾಗುವ ಬಿಳಿ ಅಂಟನ್ನು ಕಡ್ಡಿಯಲ್ಲಿ ಅಂಚಿನಿಂದ ಅಂಚಿಗೆ ಎಳೆದು ಪೊರೆ ಕಟ್ಟಿಸಿದೆ. ಈಗ ಯಾವುದು ಕಿಟ್‌ನ ಗಾಜು, ಯಾವುದು ಅಂಟಿನದು ಅಂತ ಹತ್ತಿರ ಹೋದರಷ್ಟೇ ಗೊತ್ತಾಗುತ್ತೆ. ಒಡಲು ಮುಚ್ಚುವ ಮುಂಚೆ ಪ್ರತಿ ಗಾಜನ್ನೂ ಹೊರಗಿನಿಂದ ಒಮ್ಮೆ ಒತ್ತಿ ನೋಡಿ. ಬೀಳುವುದಿದ್ದರೆ ಆಗಲೇ ಬೀಳಲಿ.

ಇನ್ನು ಸಂದುಗಳ ವಿಷಯ. ಈ ಕೆಲಸದ ಜೀವಾಳ ಇರುವುದೇ ಇಲ್ಲಿ, ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಹಸಿರು ಮಬ್ಬು ಬಣ್ಣದ ವಿಮಾನದಲ್ಲಿ ಚಿಕ್ಕ ಗೀರು, ಸಣ್ಣ ಸಂದು ಇದ್ದರೆ ಬಣ್ಣ ನುಂಗಿಕೊಳ್ಳುತ್ತೆ. ಲೋಹದ ಬಣ್ಣ ಹಾಗಲ್ಲ. ಅದರ ಪದರ ತೀರಾ ತೆಳು, ಮೇಲಾಗಿ ಹೊಳೆಯುತ್ತೆ. ಕೂದಲೆಳೆಯಷ್ಟು ಗೀರಿದ್ದರೂ ದೀಪದ ಕೆಳಗೆ ಬೆಳ್ಳಿ ದಾರದ ಹಾಗೆ ಎದ್ದು ನಿಲ್ಲುತ್ತೆ. ನಾನು ಮೊದಲು ಬೆನ್ನಿನ ಸಂದಿಗೆ ಮಾಮೂಲಿ ಪುಟ್ಟಿ ತುಂಬಿದ್ದೆ. ಒಣಗಿದ ಮೇಲೆ ಉಜ್ಜಿದೆ, ಬೆರಳಾಡಿಸಿದೆ, ನುಣ್ಣಗಿತ್ತು. ಬೂದು ಪ್ರೈಮರ್ ಹೊಡೆದೆ. ಸರಿಯಾಯಿತು ಅಂದುಕೊಂಡೆ. ಸಂಜೆ ಅಕ್ಕ ಬಂದು ವಿಮಾನವನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದಳು.

"ಇಲ್ಲಿ ಬೆನ್ನ ಮೇಲೆ ಒಂದು ಗೆರೆ ಇದೆ ಅಲ್ವಾ? ಇದೂ ನಿಜವಾದ ವಿಮಾನದಲ್ಲಿ ಇತ್ತೇನೋ?"

ಇರಲಿಲ್ಲ. ಪುಟ್ಟಿ ಒಣಗುತ್ತಾ ಒಳಕ್ಕೆ ಕುಗ್ಗಿತ್ತು. ಜೊತೆಗೆ ಪುಟ್ಟಿಯ ಜಾಗ ಪ್ಲಾಸ್ಟಿಕ್‌ಗಿಂತ ಜಾಸ್ತಿ ಬಣ್ಣ ಹೀರುತ್ತೆ, ಹೊಳಪು ಬೇರೆಯಾಗುತ್ತೆ. ಬೆರಳಿಗೆ ಸಿಗದ್ದು ಬೆಳಕಿಗೆ ಸಿಕ್ಕಿತ್ತು. ಅವತ್ತಿನಿಂದ ನಾನು ಮೈಯನ್ನು ಓರೆ ಬೆಳಕಿನಲ್ಲಿ ನೋಡದೆ ಯಾವ ಸಂದನ್ನೂ ಮುಗಿಯಿತು ಅಂತ ಬಿಟ್ಟಿಲ್ಲ.

ಪುಟ್ಟಿ ಪೂರ್ತಿ ಕೆರೆದು ತೆಗೆದೆ. ಈ ಸಲ ಸೂಪರ್‌ಗ್ಲೂ ತುಂಬಿದೆ. ಅದು ಕುಗ್ಗುವುದಿಲ್ಲ, ಉಜ್ಜಿದರೆ ಪ್ಲಾಸ್ಟಿಕ್ಕಿನಷ್ಟೇ ನುಣುಪಾಗುತ್ತೆ. ಆದರೆ ಒಂದು ಎಚ್ಚರಿಕೆ: ಅದು ಗಟ್ಟಿಯಾದ ಒಂದೆರಡು ಗಂಟೆಯೊಳಗೇ ಉಜ್ಜಿ. ಮರುದಿನಕ್ಕೆ ಬಿಟ್ಟರೆ ಪ್ಲಾಸ್ಟಿಕ್ಕಿಗಿಂತ ಗಟ್ಟಿಯಾಗಿಬಿಡುತ್ತೆ. ಆಮೇಲೆ ಸ್ಯಾಂಡ್‌ಪೇಪರ್ ಅಕ್ಕಪಕ್ಕದ ಪ್ಲಾಸ್ಟಿಕ್ಕನ್ನೇ ತಿನ್ನುತ್ತೆ, ನಡುವೆ ದಿಬ್ಬ ಉಳಿಯುತ್ತೆ. ಸ್ಯಾಂಡ್‌ಪೇಪರನ್ನು ನೀರಿನಲ್ಲಿ ಅದ್ದಿ 400ರಿಂದ ಶುರು ಮಾಡಿ 600, 1000, 2000, ಆಮೇಲೆ ಪಾಲಿಶ್ ಮಾಡುವ ಬಟ್ಟೆಯಂಥ ನವಿರು ಕಾಗದಕ್ಕೆ ಬಂದೆ. ನಂಬರ್ ಜಾಸ್ತಿಯಾದಷ್ಟೂ ಕಾಗದ ನವಿರು, ಒಂದು ನಂಬರನ್ನೂ ಹಾರಿಸಬೇಡಿ. 400ರ ಗೀರು 2000ಕ್ಕೆ ಹೋಗುವುದಿಲ್ಲ, ಹೊಳೆಯಲು ಶುರುವಾಗುತ್ತೆ ಅಷ್ಟೇ.

ರೆಕ್ಕೆಯ ಬುಡದಲ್ಲಿ ಇನ್ನೊಂದು ತೊಡಕು. ಡಕೋಟಾದಲ್ಲಿ ರೆಕ್ಕೆ ಒಡಲನ್ನು ಸೇರುವ ಕಡೆ ತಗಡು ದೊಡ್ಡ ಇಳಿಜಾರಾಗಿ ಬಾಗಿ ಬೆರೆಯುತ್ತೆ. ನನ್ನ ಕಿಟ್‌ನಲ್ಲಿ ಅಲ್ಲಿ ಅರ್ಧ ಮಿಲಿಮೀಟರ್ ಬಿರುಕು. ಬಾಗಿದ ಮೈಯಲ್ಲಿ ತುಂಬಿ ಉಜ್ಜುವಾಗ ಸುತ್ತಲಿನ ರಿವೆಟ್ ಗುರುತುಗಳೆಲ್ಲ ಅಳಿಸಿಹೋದವು. ಹಲ್ಲಿನ ಚಕ್ರದಂಥ ಒಂದು ಸಾಧನ ಸಿಗುತ್ತೆ, ರಿವೆಟ್ ಚುಕ್ಕೆಗಳನ್ನು ಸಾಲಾಗಿ ಒತ್ತುತ್ತಾ ಹೋಗಲು. ಗಟ್ಟಿ ಟೇಪನ್ನು ಅಂಟಿಸಿ ಅದರ ಅಂಚನ್ನೇ ಪಟ್ಟಿಯಾಗಿ ಹಿಡಿದು ಚಕ್ರ ಓಡಿಸಿದೆ. ಎರಡೂ ಬದಿ ಸೇರಿ ನಾಲ್ಕು ಸಂಜೆ ಹಿಡಿಯಿತು. ಬೇಸರ ಬರಲಿಲ್ಲ. ಆ ಚುಕ್ಕೆಗಳು ಒಂದೊಂದಾಗಿ ಮರಳಿ ಮೂಡುವುದನ್ನು ನೋಡುವಾಗ ಇದು ಆಟಿಕೆಯಿಂದ ವಿಮಾನ ಆಗುತ್ತಿದೆ ಅನ್ನಿಸಿತು.

ಅಂತೂ ಎರಡು ತಿಂಗಳಿಗೆ ಮೈ ಸಿದ್ಧವಾಯಿತು. ಪಾತ್ರೆ ತೊಳೆಯುವ ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ಒರೆಸಿ, ಒಣಗಿಸಿ, ಆಮೇಲೆ ಕೈಗವಸು ಹಾಕಿಯೇ ಮುಟ್ಟಿದೆ. ಮುಟ್ಟಿದೆ ಅಂದುಕೊಂಡಿದ್ದೆ. ಒಂದು ಕಡೆ ತಪ್ಪಿತ್ತು, ಅದು ಮುಂದೆ ಗೊತ್ತಾಯಿತು.

ಬಣ್ಣವನ್ನು ನೇರ ವಿಮಾನಕ್ಕೆ ಹೊಡೆಯುವ ಧೈರ್ಯ ಬರಲಿಲ್ಲ. ಬಿಳಿ ಪ್ಲಾಸ್ಟಿಕ್ ಚಮಚಗಳನ್ನು ತಂದು ಹಿಡಿಕೆಯ ಮೇಲೆ ನಂಬರ್ ಬರೆದೆ. ಚಮಚದ ಬೆನ್ನು ವಿಮಾನದ ಒಡಲಿನ ಹಾಗೇ ಬಾಗಿರುತ್ತೆ, ಪರೀಕ್ಷೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಒಂದಕ್ಕೆ ಬೂದು ಪ್ರೈಮರ್ ಮೇಲೆ ಲೋಹ, ಒಂದಕ್ಕೆ ಹೊಳೆಯುವ ಕಪ್ಪಿನ ಮೇಲೆ, ಒಂದಕ್ಕೆ ಮಬ್ಬು ಕಪ್ಪಿನ ಮೇಲೆ, ಒಂದಕ್ಕೆ ಮೇಲಿನಿಂದ ವಾರ್ನಿಶ್ ಸೇರಿಸಿ. ಹೀಗೆ ಹನ್ನೊಂದು ಚಮಚ. ಅದೇ ಬಾಟಲಿಯ ಅಲ್ಯೂಮಿನಿಯಂ ಬಣ್ಣ ಹನ್ನೊಂದು ಲೋಹದ ಹಾಗೆ ಕಂಡಿತು. ಹೊಳೆಯುವ ಕಪ್ಪಿನ ಮೇಲಿನದು ಕನ್ನಡಿ. ಬೂದಿನ ಮೇಲಿನದು ಬರೀ ಬೆಳ್ಳಿ ಬಣ್ಣ. ಏಳನೆಯದು ನನಗೆ ಬೇಕಾದ್ದು: ಕಪ್ಪು ಹೊಡೆದು, ಒಣಗಿದ ಮೇಲೆ ಅದರ ಹೊಳಪನ್ನು ನವಿರು ಕಾಗದದಿಂದ ಚೂರು ಮುರಿದು, ಮೇಲೆ ತೆಳುವಾಗಿ ಲೋಹ. ಹೊಳೆಯುತ್ತೆ, ಆದರೆ ಮುಖ ಕಾಣಿಸುವುದಿಲ್ಲ. 1944ರ ಫೋಟೋಗಳಲ್ಲಿ ಇರುವುದು ಅದೇ.

ಈಗ ದೊಡ್ಡ ಪೆಟ್ಟು ತಿಂದ ಕಥೆ.

ಕಪ್ಪಿಗೆ ಎನಾಮಲ್ ಬಣ್ಣ ಬಳಸಿದೆ. ಅದು ನಿಧಾನಕ್ಕೆ ಒಣಗುತ್ತೆ, ಹಾಗಾಗಿ ತಾನೇ ಹರಡಿಕೊಂಡು ಗಾಜಿನ ಹಾಗೆ ಕೂರುತ್ತೆ. ಹೊಡೆದಾಗ ಎಷ್ಟು ಚೆನ್ನಾಗಿತ್ತು ಅಂದರೆ ಮೇಲಿನ ದೀಪದ ತಂತಿ ರೆಕ್ಕೆಯಲ್ಲಿ ಕಾಣುತ್ತಿತ್ತು. ಎರಡು ದಿನ ಕಾದೆ. ಬೆರಳಿಗೆ ಅಂಟಲಿಲ್ಲ. ಹವೆಯಲ್ಲಿ ತೇವ ಜಾಸ್ತಿ ಇತ್ತು, ಅದನ್ನು ಲೆಕ್ಕಕ್ಕೆ ತಗೊಳ್ಳಲಿಲ್ಲ. ಮೂರನೇ ದಿನ ಬೆಳಿಗ್ಗೆ ಲ್ಯಾಕರ್ ಮೆಟಾಲಿಕ್, ಅಂದರೆ ಬೇಗ ಒಣಗುವ ಲೋಹದ ಬಣ್ಣ, ಹೊಡೆದೆ. ಒಡಲು ಚೆನ್ನಾಗಿ ಬಂತು. ಬಲ ರೆಕ್ಕೆ ಬಂತು. ಎಡ ರೆಕ್ಕೆಗೆ ಬಂದಾಗ, ನನ್ನ ಕಣ್ಣ ಮುಂದೆಯೇ, ಬತ್ತಿದ ಕೆರೆಯ ತಳದ ಹಾಗೆ ಮೈಯೆಲ್ಲ ಸಣ್ಣ ಬಿರುಕು ಹರಡುತ್ತಾ ಹೋಯಿತು. ಬಣ್ಣ ಸಿಂಪಡಿಸುವ ಏರ್‌ಬ್ರಷ್ ಕೆಳಗಿಟ್ಟರೂ ನಿಲ್ಲಲಿಲ್ಲ. ಹತ್ತು ನಿಮಿಷದಲ್ಲಿ ಬಾಲದ ಮೇಲೂ ಸುಕ್ಕು. ಲ್ಯಾಕರ್‌ನ ಥಿನ್ನರ್ ತೀಕ್ಷ್ಣ. ಕೆಳಗಿನ ಎನಾಮಲ್ ಮೇಲ್ಗಡೆ ಒಣಗಿದ್ದರೂ ಒಳಗೆ ಮೆತ್ತಗಿತ್ತು. ಥಿನ್ನರ್ ಅದರೊಳಗೆ ಇಳಿದು ಉಬ್ಬಿಸಿತು.

ಅವತ್ತು ಕೋಣೆ ಮುಚ್ಚಿ ಹೊರಬಂದವನು ಒಂಬತ್ತು ದಿನ ಆ ಕಡೆ ತಲೆ ಹಾಕಲಿಲ್ಲ. ಎರಡು ತಿಂಗಳ ಕೆಲಸ ಕಣ್ಣೆದುರು ಸುಕ್ಕುಗಟ್ಟಿದ್ದು ಮರೆಯುವುದು ಸುಲಭವಿರಲಿಲ್ಲ. ಅಕ್ಕ ಒಮ್ಮೆ "ಮೇಲಿಂದ ಇನ್ನೊಂದು ಸಲ ದಪ್ಪಗೆ ಹೊಡೆದರೆ ಆಗಲ್ವೇನೋ?" ಅಂತ ಕೇಳಿದಳು. ಆಗಲ್ಲ. ಬಿರುಕಿನ ಮೇಲೆ ಹೊಡೆದರೆ ಬಿರುಕೇ ಮಿಂಚುತ್ತೆ.

ಬಣ್ಣ ತೆಗೆಯಬೇಕಾದವರಿಗೆ ಒಂದು ಮಾತು. ಲ್ಯಾಕರ್ ಥಿನ್ನರ್ ಹಾಕಬೇಡಿ, ಅದು ಪ್ಲಾಸ್ಟಿಕ್ಕನ್ನೇ ಕರಗಿಸುತ್ತೆ. ನಾನು ಎನಾಮಲ್ ಥಿನ್ನರ್‌ನಲ್ಲಿ ಹತ್ತಿ ಕಡ್ಡಿ ಅದ್ದಿ, ಒಂದೊಂದು ತಗಡಿನಷ್ಟೇ ಜಾಗ ಒರೆಸುತ್ತಾ ಹೋದೆ. ಕೆಳಗಿನ ಎನಾಮಲ್ ಕರಗಿದಾಗ ಮೇಲಿನ ಲೋಹವೂ ಜೊತೆಗೇ ಬಂತು. ಇಡೀ ವಿಮಾನವನ್ನು ಥಿನ್ನರ್‌ನಲ್ಲಿ ಮುಳುಗಿಸಿಡುವುದೂ ಬೇಡ, ಪ್ಲಾಸ್ಟಿಕ್ ಪೆಡಸಾಗಿ ಬಿರುಕು ಬಿಡಬಹುದು. ಹತ್ತಿ ಕಡ್ಡಿಯ ಎರಡು ಪೊಟ್ಟಣ ಖಾಲಿಯಾಯಿತು. ರೆಕ್ಕೆಯ ಬುಡದಲ್ಲಿ ಒತ್ತಿದ ಒಂದಷ್ಟು ರಿವೆಟ್‌ಗಳಲ್ಲಿ ಕಪ್ಪು ಉಳಿದುಕೊಂಡಿತ್ತು. ಹಲ್ಲುಜ್ಜುವ ಹಳೆಯ ಬ್ರಷ್‌ನಿಂದ ತಿಕ್ಕಿದೆ.

ಎರಡನೇ ಸಲ ಕಪ್ಪನ್ನೂ ಲ್ಯಾಕರ್‌ನದ್ದೇ ತಗೊಂಡೆ. ಅದು ಗಂಟೆಗಳಲ್ಲಿ ಒಣಗುತ್ತೆ. ಆದರೂ ನಾಲ್ಕು ದಿನ ಬಿಟ್ಟೆ. ಒಣಗಿದೆಯೋ ಇಲ್ಲವೋ ಅಂತ ತಿಳಿಯಲು ಬೆರಳನ್ನು ನಂಬಬೇಡಿ, ಮೂಗನ್ನು ನಂಬಿ. ಹತ್ತಿರ ಹಿಡಿದು ಮೂಸಿದಾಗ ಥಿನ್ನರ್ ವಾಸನೆ ಬರುತ್ತಿದ್ದರೆ ಇನ್ನೂ ಒಣಗಿಲ್ಲ ಅಂತಲೇ ಅರ್ಥ. ಎನಾಮಲ್ಲೇ ಬಳಸುವವರು ವಾರ ಕಳೆದ ಮೇಲೂ ಮೂಸಿ ನೋಡಿಯೇ ಮುಂದುವರಿಯಿರಿ.

ಮೂಸುವ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಬಣ್ಣ ಹೊಡೆಯುವಾಗ ಬಟ್ಟೆಯ ಮಾಸ್ಕ್ ಸಾಲುವುದಿಲ್ಲ. ಮೊದಲ ಸಲ ಅದನ್ನೇ ಹಾಕಿ ಸಂಜೆಯೆಲ್ಲ ತಲೆನೋವು ಅನುಭವಿಸಿದೆ. ರಾಸಾಯನಿಕ ಆವಿಗೆಂದೇ ಇರುವ ಫಿಲ್ಟರ್‌ನ ಮಾಸ್ಕ್ ಬೇಕು, ಕಿಟಕಿ ತೆರೆದಿರಬೇಕು, ಹತ್ತಿರದಲ್ಲಿ ಬೆಂಕಿ ಇರಬಾರದು. ಇದರಲ್ಲಿ ರಾಜಿ ಮಾಡಿಕೊಳ್ಳಲೇಬೇಡಿ.

ಲೋಹ ಹೊಡೆದ ಬೆಳಿಗ್ಗೆ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಏರ್‌ಬ್ರಷ್‌ಗೆ 0.3 ಮಿಲಿಮೀಟರ್ ನಾಝಲ್, ಗಾಳಿಯ ಒತ್ತಡ 12ರಿಂದ 15 ಪಿಎಸ್‌ಐ ನಡುವೆ, ಮೈಯಿಂದ ನಾಲ್ಕು ಬೆರಳಿನಷ್ಟು ದೂರ. ಮೊದಲ ಸಲ ಕೈಯಾಡಿಸಿದಾಗ ಕಪ್ಪಿನ ಮೇಲೆ ಬರೀ ಇಬ್ಬನಿ ಕೂತ ಹಾಗೆ ಕಂಡಿತು. ಎರಡನೇ ಸಲಕ್ಕೆ ಬೂದಿ. ಮೂರನೇ ಸಲಕ್ಕೆ, ಒದ್ದೆ ಆರುತ್ತಿದ್ದ ಹಾಗೆ, ಒಮ್ಮೆಲೇ ತಗಡು! ಮೂತಿಯ ದುಂಡಗಿನ ಬಾಗಿನಲ್ಲಿ ಬೆಳಕು ಗೆರೆಯಾಗಿ ಓಡಿತು. ಅಲ್ಲಿಗೆ ನಿಲ್ಲಿಸಬೇಕು. ಇನ್ನೂ ಸ್ವಲ್ಪ ಅಂತ ಹೊಡೆದರೆ ಕೆಳಗಿನ ಕಪ್ಪಿನ ಆಳ ಮುಚ್ಚಿಹೋಗಿ ಬರೀ ಬೆಳ್ಳಿ ಬಣ್ಣವಾಗುತ್ತೆ. ಮೂರು ತೆಳು ಪದರ ಸಾಕು.

ಆಮೇಲೆ ತಗಡು ತಗಡಿಗೂ ಬಣ್ಣ ಬದಲಿಸುವ ಕೆಲಸ. ಮೂಲ ಅಲ್ಯೂಮಿನಿಯಂ, ಅದಕ್ಕಿಂತ ತುಸು ಮಂಕಾದ ಡ್ಯೂರಾಲ್ಯುಮಿನ್, ಇನ್ನೂ ತುಸು ಗಾಢವಾದದ್ದೊಂದು, ಮೂರೇ ಛಾಯೆ. ಮಾಸ್ಕಿಂಗ್ ಟೇಪ್ ಅಂಟಿಸುವ ಮುಂಚೆ ಅಂಗೈಗೆ ಎರಡು ಮೂರು ಸಲ ಒತ್ತಿ ಕಿತ್ತು ಅಂಟು ಕಡಿಮೆ ಮಾಡಿಕೊಂಡೆ. ಎಲ್ಲ ತಗಡನ್ನೂ ಬದಲಿಸಲು ಹೋಗಬೇಡಿ, ಚದುರಂಗದ ಮಣೆಯಾಗುತ್ತೆ. ಒಡಲಿನ ಪ್ರತಿ ಬದಿಗೆ ಐದಾರು, ರೆಕ್ಕೆಗೆ ನಾಲ್ಕೈದು, ಅಷ್ಟೇ ಮಾಡಿದೆ.

ಬಲ ಎಂಜಿನ್ ಗೂಡಿನ ಟೇಪ್ ಕಿತ್ತಾಗ ಹೆಬ್ಬೆರಳ ಗಾತ್ರದ ಬಣ್ಣ ಪ್ರೈಮರ್ ಸಮೇತ ಎದ್ದು ಬಂತು. ಕೆಳಗೆ ಪ್ಲಾಸ್ಟಿಕ್ ಮೇಲೆ ನನ್ನದೇ ಬೆರಳಚ್ಚು, ಗೆರೆ ಗೆರೆಯಾಗಿ. ಕೈಗವಸು ತಪ್ಪಿದ್ದು ಅಲ್ಲಿ. ಲೋಹದ ಮೈಯಲ್ಲಿ ತೇಪೆ ಹಾಕಲು ಬರುವುದಿಲ್ಲ, ಹಾಕಿದ ಜಾಗ ಕಲೆಯ ಹಾಗೆ ಉಳಿಯುತ್ತೆ. ಎದ್ದ ಅಂಚನ್ನು ಉಜ್ಜಿ ಸಮ ಮಾಡಿ, ಗೆರೆಯಿಂದ ಗೆರೆಗೆ ಆ ಇಡೀ ತಗಡನ್ನೇ ಸುತ್ತಲೂ ಮುಚ್ಚಿ, ಪ್ರೈಮರ್, ಕಪ್ಪು, ಲೋಹ ಎಲ್ಲವನ್ನೂ ಮತ್ತೆ ಹೊಡೆದೆ. ತಗಡಿನ ಗಡಿಯಲ್ಲೇ ನಿಲ್ಲಿಸಿದರೆ ಕಣ್ಣಿಗೆ ಅದು ಬೇರೆ ತಗಡು ಅಂತ ಕಾಣುತ್ತೆಯೇ ಹೊರತು ರಿಪೇರಿ ಅಂತಲ್ಲ. ಒಂದು ವಾರ ಹೋಯಿತು.

ಉಳಿದ ಬಣ್ಣಗಳು ಸುಲಭ. ಬಟ್ಟೆಯ ರಡರ್, ಎಲಿವೇಟರ್, ಏಲೆರಾನ್‌ಗಳಿಗೆ ಮಬ್ಬು ಬೆಳ್ಳಿಗೆ ಒಂದು ಹನಿ ತಿಳಿ ಬೂದು ಬೆರೆಸಿದೆ. ರೆಕ್ಕೆ, ಬಾಲದ ಮುಂದಿನ ಅಂಚಿಗೆ ಮಂಜುಗಡ್ಡೆ ಒಡೆಯುವ ರಬ್ಬರ್ ಪಟ್ಟಿ ಇರುತ್ತೆ, ಅದಕ್ಕೆ ಅಚ್ಚ ಕಪ್ಪಲ್ಲ, ಮಾಸಿದ ಕಪ್ಪು. ಮೂತಿಯ ಮೇಲೆ, ಪೈಲಟ್‌ನ ಕಣ್ಣಿಗೆ ಬಿಸಿಲು ಹೊಡೆಯದ ಹಾಗೆ ಆಲಿವ್ ಹಸಿರು. ಪ್ರೊಪೆಲರ್ ಕಪ್ಪು, ತುದಿ ಹಳದಿ.

ಆಮೇಲೆ ಡೆಕಾಲ್‌ಗಾಗಿ, ಅಂದರೆ ನೀರಿನಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರಗಳಿಗಾಗಿ, ಕಾದದ್ದು. ಕಿಟ್‌ನಲ್ಲಿ ಬಂದದ್ದು ಹಳದಿಯಾಗಿತ್ತು. ಬೇರೆ ತರಿಸಿದೆ. ಆರು ವಾರದ ಮೇಲೆ ಬಂದ ಹಾಳೆಯಲ್ಲಿ ನಕ್ಷತ್ರದ ಗುರುತಿಗೆ ಕೆಂಪು ಅಂಚು. ಅಮೆರಿಕದ ವಿಮಾನಗಳಿಗೆ ಆ ಕೆಂಪು ಅಂಚು ಬಂದದ್ದು 1943ರ ಜೂನ್ ಕೊನೆಗೆ. ಜಪಾನಿನ ಕೆಂಪು ವೃತ್ತ ಅಂತ ಗೊಂದಲವಾಗಬಾರದು ಅಂತ ಅದೇ ಸೆಪ್ಟೆಂಬರ್‌ನಲ್ಲಿ ನೀಲಿಗೆ ಬದಲಿಸಿದರು. ಕಾರ್ಖಾನೆಯಲ್ಲಿ ಬಣ್ಣ ಬಳಿಯುವುದನ್ನೇ ಬಿಟ್ಟದ್ದು ಅದರ ನಂತರ, 1944ರ ಹೊತ್ತಿಗೆ. ತೂಕ ಉಳಿಯುತ್ತಿತ್ತು, ಸಮಯವೂ ಉಳಿಯುತ್ತಿತ್ತು. ಹಾಗಾಗಿ ನನ್ನ ವಿಮಾನಕ್ಕೆ ನೀಲಿ ಅಂಚೇ ಬೇಕು. ವಾಪಸ್ ಕಳಿಸಿ ಮತ್ತೆ ಮೂರು ವಾರ ಕಾದೆ. ಡೆಕಾಲ್ ಬೇಕಿದ್ದರೆ ಕಿಟ್ ತಂದ ದಿನವೇ ತರಿಸಿ, ಬಂದ ತಕ್ಷಣ ಬಿಚ್ಚಿ ನೋಡಿ.

ಡೆಕಾಲ್ ಅಂಟಿಸುವಾಗ ಅಡಿಯಲ್ಲಿ ಗಾಳಿ ಸಿಕ್ಕರೆ ಬೆಳ್ಳಗೆ ಮಂಜು ಕಟ್ಟಿದ ಹಾಗೆ ಕಾಣುತ್ತೆ. ಅದು ಬರದಿರಲಿ ಅಂತ ಇಡೀ ಮೈಗೆ ವಾರ್ನಿಶ್ ಹೊಡೆಯುವವರಿದ್ದಾರೆ. ನನ್ನ ಒಂಬತ್ತನೇ ಚಮಚದಲ್ಲಿ ವಾರ್ನಿಶ್ ಲೋಹದ ಜೀವವನ್ನೇ ತೆಗೆದಿತ್ತು. ಅದಕ್ಕೆ ಡೆಕಾಲ್ ಕೂರುವ ಜಾಗಕ್ಕೆ ಮಾತ್ರ, ತಗಡಿನ ಗಡಿಯವರೆಗೆ, ತೆಳುವಾಗಿ ಹೊಡೆದೆ. ಡೆಕಾಲ್ ಮೆತ್ತಗಾಗಿಸುವ ದ್ರಾವಣ ಬರಿ ಲೋಹದ ಬಣ್ಣಕ್ಕೆ ಕಲೆ ಮಾಡಬಹುದು, ಅದನ್ನೂ ಚಮಚದ ಮೇಲೆ ನೋಡಿಕೊಳ್ಳಿ. ಗುರುತು ಎಡ ರೆಕ್ಕೆಯ ಮೇಲೆ, ಬಲ ರೆಕ್ಕೆಯ ಕೆಳಗೆ, ಒಡಲಿನ ಎರಡೂ ಬದಿಗೆ. ಎರಡೂ ರೆಕ್ಕೆಯ ಮೇಲೆ ಹಾಕಿಬಿಡಬೇಡಿ.

ಬಳಸಿ ಹಳೆಯದಾದ ನೋಟ ತರುವಾಗ ಒಂದು ತಪ್ಪು ತುಂಬಾ ಕಡೆ ನೋಡಿದ್ದೇನೆ. ಬಣ್ಣದ ವಿಮಾನಕ್ಕೆ ಮಾಡಿ ರೂಢಿಯಾಗಿ, ಬರಿ ಲೋಹದ ಮೈಮೇಲೂ ಬಣ್ಣ ಕಿತ್ತುಬಂದ ಗುರುತು ಹಾಕುತ್ತಾರೆ. ಇಲ್ಲಿ ಕಿತ್ತುಬರಲು ಬಣ್ಣವೇ ಇಲ್ಲ! ಮೂತಿಯ ಹಸಿರು ಸವೆಯಬಹುದು, ರಬ್ಬರ್ ಪಟ್ಟಿ ಸವೆಯಬಹುದು, ಅಷ್ಟೇ. ನಾನು ತಗಡಿನ ಸಂದುಗಳಿಗೆ ಕಡು ಬೂದು ಆಯಿಲ್ ಬಣ್ಣ ತೆಳ್ಳಗೆ ಇಳಿಸಿದೆ, ಎಂಜಿನ್ ಹಿಂದೆ ಎಣ್ಣೆಯ ಎಳೆಗಳನ್ನು ಎಳೆದೆ, ಹೊಗೆಯ ಮಸಿ ಹಚ್ಚಿದೆ, ಚಕ್ರಗಳಿಗೆ ಧೂಳು ಹಿಡಿಸಿದೆ. ಪ್ರತಿ ಎಂಜಿನ್‌ನಲ್ಲಿ ಏಳೇಳರ ಎರಡು ಸಾಲಿನಲ್ಲಿ 14 ಸಿಲಿಂಡರ್. ಎದುರಿನಿಂದ ಅವು ಚೆನ್ನಾಗಿ ಕಾಣುತ್ತವೆ, ಅಲ್ಲಿ ಕಂಜೂಸಿ ಮಾಡಬೇಡಿ.

ಖರ್ಚಿನ ಮಾತು ಬಂದರೆ, ಕಿಟ್‌ಗೆ ಹೋದದ್ದಕ್ಕಿಂತ ಸುತ್ತಲಿನ ಸಾಮಾನಿಗೆ ಹೋದದ್ದೇ ಜಾಸ್ತಿ. ಒಂದು ಬಾಟಲಿ ಅಲ್ಯೂಮಿನಿಯಂ ಸಾಕಾಗುತ್ತಿತ್ತು, ಮೊದಲ ಸಲ ಕೆಟ್ಟದ್ದಕ್ಕೆ ಮೂರು ಬೇಕಾಯಿತು. ಕಪ್ಪು ಎರಡು ಥರದ್ದು ಕೊಂಡೆ. ಥಿನ್ನರ್, ಹತ್ತಿ ಕಡ್ಡಿ, ನವಿರು ಕಾಗದ, ಒಳ್ಳೆಯ ಟೇಪ್, ಮಾಸ್ಕ್. ಮಾಸ್ಕ್‌ಗೆ ಕೊಟ್ಟದ್ದರ ಬಗ್ಗೆ ಬೇಸರವಿಲ್ಲ. ಅವಸರಕ್ಕೆ ಕೊಟ್ಟ ಆ ಎರಡು ಬಾಟಲಿಯ ಬಗ್ಗೆ ಇದೆ.

ಕೊನೆಗೆ ಆಂಟೆನಾ. ಕೂದಲಿಗಿಂತ ತೆಳುವಾದ ಹಿಗ್ಗುವ ದಾರ, ಸೂಜಿ ಮೊನೆಯಷ್ಟು ಅಂಟು. ಅಕ್ಕ ದೀಪ ಹಿಡಿದಿದ್ದಳು. ಅಂಟು ಹಿಡಿದ ಮೇಲೆ ದೀಪವನ್ನು ಮೂತಿಯಿಂದ ಬಾಲದವರೆಗೆ ನಿಧಾನಕ್ಕೆ ಸರಿಸಿ ಬೆನ್ನಿನ ಗೆರೆ ಹುಡುಕಿದಳು. ಬಾಗಿಲ ಹತ್ತಿರ ಒಮ್ಮೆ ನಿಲ್ಲಿಸಿ, ಮತ್ತೆ ಮುಂದಕ್ಕೆ ಹೋಗಿ, "ಸಿಗ್ತಿಲ್ಲ ಕಣೋ" ಅಂದಳು.

ವಿಮಾನ ಈಗ ಗಾಜಿನ ಕಪಾಟಿನಲ್ಲಿದೆ. ಎತ್ತುವಾಗ ಕೈಗವಸು ಹಾಕಿಯೇ ಎತ್ತುತ್ತೇನೆ. ಪಕ್ಕದಲ್ಲಿ ಏಳನೇ ಚಮಚವನ್ನೂ ಇಟ್ಟಿದ್ದೇನೆ. ಯಾವ ಬಣ್ಣದ ಮೇಲೆ ಯಾವುದು, ಎಷ್ಟು ದಿನ ಬಿಟ್ಟು ಅಂತ ಅದರ ಹಿಡಿಕೆಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿದೆ.